ಸುಗ್ಗಿ ಕುಣಿತ ಮತ್ತು ಹಗರಣ

ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರು ಫಾಲ್ಗುಣ ಮಾಸದಲ್ಲಿ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಸುವ ವೇಷಪ್ರಧಾನ ಆಚರಣೆ. ಭಾವಿಕೇರಿ, ಬೆಳಂಬಾರಗಳಿರುವ ಅಂಕೋಲಾ ತಾಲ್ಲೂಕು ಇದರ ಮುಖ್ಯ ನೆಲೆಗಳಲ್ಲೊಂದು.

ವೇಷ ಮತ್ತು ವಾದ್ಯ: ಕುಣಿಯುವವರು ಗಂಡಸರು. ಬೆಂಡಿನ ಹೂ, ಬಣ್ಣದ ಕಾಗದಗಳಿಂದ ಕಟ್ಟಿದ ಎತ್ತರದ ತುರಾಯಿ ತಲೆಯ ಮೇಲೆ. ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಮುಖ್ಯ ವಾದ್ಯ ಗುಮಟೆ. ಎರಡೂ ಕಡೆ ತೆರೆದ ಈ ಮಣ್ಣಿನ ಮಡಕೆಯ ದೊಡ್ಡ ಬಾಯಿಗೆ ಸಾಂಪ್ರದಾಯಿಕವಾಗಿ ಉಡದ ಚರ್ಮ ಬಿಗಿಯುತ್ತಿದ್ದರು. ಬಲಗೈಯಿಂದ ಬಾರಿಸುತ್ತ, ಸಣ್ಣ ಬಾಯನ್ನು ಎಡಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ.

ಆಚರಣೆ: ದೇವರಿಗೆ ಪೂಜೆ ಸಲ್ಲಿಸಿ ಹೊರಟ ತಂಡ ಮನೆಮನೆಯ ಅಂಗಳದಲ್ಲಿ ಕುಣಿದು ಕಾಣಿಕೆ ಪಡೆಯುತ್ತದೆ. ಬೆಳಂಬಾರದ ತಂಡ ಅಂಕೋಲೆಯ ತಹಶೀಲ್ದಾರ್ ಕಚೇರಿಯ ಮುಂದೆ ಕುಣಿಯುವ ವಾಡಿಕೆಯಿದೆ.

ಸಾಮಾಜಿಕ ಪಾತ್ರ: ಹಾಲಕ್ಕಿಗಳ ಊರಾಡಳಿತದಲ್ಲಿ ಊರಗೌಡ, ಬುದವಂತ, ಕೋಲಕಾರರಿಗೆ ನಿಗದಿತ ಸ್ಥಾನಗಳಿವೆ, ಸುಗ್ಗಿಯೂ ಊರೊಟ್ಟಿನ ಕೆಲಸವೇ. ಸುಗ್ಗಿಯ ಕಾಲದ ಹಗರಣದಲ್ಲಿ ಜನ ನಾನಾ ವೇಷ ತೊಟ್ಟು ಅಧಿಕಾರಸ್ಥರ ನಡೆಯನ್ನೂ ಊರಿನ ಓರೆಕೋರೆಗಳನ್ನೂ ಬಹಿರಂಗವಾಗಿ ಅಣಕಿಸುತ್ತಾರೆ. ವೇಷದಲ್ಲಿರುವವನಿಗೆ ಆ ಮಾತಿನ ಸ್ವಾತಂತ್ರ್ಯವನ್ನು ಸಮಾಜವೇ ಕೊಟ್ಟಿದೆ.

ಹೋಲಿಕೆ: ಕಾಂಗೋದ ಸೋಂಗ್ಯೆ ಜನರಲ್ಲಿ ಗೀರುಪಟ್ಟೆಗಳ ಕಿಫ್ವೆಬೆ ಮರದ ಮುಖವಾಡ ಧರಿಸುವವರು ಗುಪ್ತ ಸಂಘವೊಂದರ ಸದಸ್ಯರು, ಭಯ ಹುಟ್ಟಿಸಿ ಶಿಸ್ತು ಕಾಯುವುದು ಆ ಮುಖವಾಡಗಳ ಕೆಲಸಗಳಲ್ಲೊಂದು. ಹಗರಣ ಅದೇ ಹೊಣೆಯನ್ನು ಎಲ್ಲರೆದುರು, ನಗೆಯ ಮೂಲಕ ನಿರ್ವಹಿಸುತ್ತದೆ.