ಪ್ಲಾಸ್ಟಿಕ್ ಸರ್ಜರಿ: ನವಲಗುಂದ–ಹುಬ್ಬಳ್ಳಿ ಸೀಮೆ

ಗಾಯ, ರೋಗ ಅಥವಾ ಹುಟ್ಟುದೋಷದಿಂದ ಕೆಟ್ಟ ಅಂಗವನ್ನು ಹೆಚ್ಚಾಗಿ ರೋಗಿಯದೇ ಚರ್ಮ, ಸ್ನಾಯು, ಮೂಳೆ ಬಳಸಿ ಮರುರೂಪಿಸುವ ಶಸ್ತ್ರಚಿಕಿತ್ಸೆ. ಚೆಲುವಿಗಾಗಿ ಮಾಡಿಸಿಕೊಳ್ಳುವುದು ಇದರ ಒಂದು ಕವಲು ಮಾತ್ರ. ನವಲಗುಂದದಂಥ ಒಕ್ಕಲುತನದ ಸೀಮೆಯಲ್ಲಿ ಇದು ಉಣ್ಣಲು, ಮಾತಾಡಲು, ದುಡಿಯಲು ಬೇಕಾದ ಚಿಕಿತ್ಸೆ.

ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವಿದೆ. ಭಾರತದ ಈ ವಿದ್ಯೆ ಇಂಗ್ಲೆಂಡಿಗೆ ತಲುಪಿದ್ದಕ್ಕೆ ಕನ್ನಡ ನೆಲದ ಯುದ್ಧವೊಂದು ಕಾರಣ. ಮೂರನೆಯ ಮೈಸೂರು ಯುದ್ಧದಲ್ಲಿ (ಇದೇ ಯುದ್ಧದಲ್ಲಿ ಧಾರವಾಡ ಕೋಟೆಗೂ 1790–91ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದಿತ್ತು) ಇಂಗ್ಲಿಷ್ ಸೇನೆಯ ಎತ್ತು ಹೊಡೆಯುವ ಕಾವಸ್‌ಜಿ ಟಿಪ್ಪುವಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ವರ್ಷದ ಮೇಲೆ ಪುಣೆ ಬಳಿಯ ಇಟ್ಟಿಗೆ ಕಸುಬಿನವನೊಬ್ಬ ಅವನಿಗೆ ಹೊಸ ಮೂಗು ಕೂರಿಸಿದ. ಮೊದಲು ಮೊಂಡು ಮೂಗಿಗೆ ಮೇಣದ ತೆಳು ಹಾಳೆ ಹೊಂದಿಸಿ, ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಅಷ್ಟಗಲ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಮಾತ್ರ ಉಳಿಸಿ, ತಿರುವಿ ಕೆಳಗಿಳಿಸಿದ. ಹೊಲಿಗೆಯಿಲ್ಲ; ಕಾಚು ಸವರಿದ ಬಟ್ಟೆಪಟ್ಟಿಗಳೇ ಅಂಟು. ರಕ್ತ ಹರಿಯಲೆಂದು ಬಿಟ್ಟ ಆ ಎಳೆಯನ್ನು ಸುಮಾರು 25ನೆಯ ದಿನ ಕತ್ತರಿಸಿದ. 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಅಚ್ಚುಹಾಕಿತು. ರೋಗಿಯ ಹೆಸರು ಉಳಿಯಿತು, ಮಾಡಿದವನದು ವರದಿಯಲ್ಲಿಲ್ಲ! 1814ರಲ್ಲಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಇದೇ ಕ್ರಮ ಅನುಸರಿಸಿದ.

ನವಲಗುಂದದವರಿಗೆ ದೊಡ್ಡಾಸ್ಪತ್ರೆಯೆಂದರೆ ಹುಬ್ಬಳ್ಳಿ. ಅಲ್ಲಿನ ವೈದ್ಯಕೀಯ ಕಾಲೇಜು 1957ರಲ್ಲಿ ಆರಂಭವಾಯಿತು. ಅದನ್ನು ಜನ ಕಿಮ್ಸ್ ಎನ್ನುತ್ತಾರೆ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತ ಕಾಲೇಜು ಸೀಳುತುಟಿ, ಸೀಳು ಅಂಗುಳಿನ ಚಿಕಿತ್ಸೆಗೆ ಹೆಸರಾಗಿದೆ.

ಸೀಳುತುಟಿಯ ಕೂಸು ಹುಟ್ಟಿದರೆ, ಬಸುರಿ ಗ್ರಹಣದ ಹೊತ್ತಿನಲ್ಲಿ ಈಳಿಗೆ ಮುಟ್ಟಿದಳೆಂದು ತಾಯಿಯ ಮೇಲೆ ತಪ್ಪು ಹೊರಿಸುವುದುಂಟು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಗುಳು ಸೀಳಿದ್ದರೆ ಕೂಸಿಗೆ ಮೊಲೆ ಚೀಪಲಾಗದು. ಒಳಲೆಯಲ್ಲಿ ಹಾಲು ಕುಡಿಸಬೇಕು. ತುಟಿಯನ್ನು ಸಾಮಾನ್ಯವಾಗಿ ಮೂರು ತಿಂಗಳ ಸುಮಾರಿಗೆ, ಅಂಗುಳನ್ನು 9ರಿಂದ 18 ತಿಂಗಳೊಳಗೆ ಕೂಡಿಸುತ್ತಾರೆ. ತಡವಾದರೆ ಪ, ಟ, ಕ ಅನ್ನುವಾಗ ಬಾಯಲ್ಲಿ ನಿಲ್ಲಬೇಕಾದ ಗಾಳಿ ಮೂಗಿನಿಂದ ಸೋರಿ ಮಾತೇ ಕೆಡುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೂ ಮಾತಿನ ತರಬೇತಿ ಬೇಕಾಗಬಹುದು. ಅದನ್ನು ಅರ್ಧಕ್ಕೆ ಬಿಡಬಾರದು.

ಸುಟ್ಟಗಾಯದಲ್ಲಿ ಜೀವ ಉಳಿದ ಮೇಲೂ ಚರ್ಮ ಸೆಡೆತು ಗದ್ದ ಎದೆಗೆ ಅಂಟುವುದು, ಬೆರಳು ಮಡಚಿ ನಿಲ್ಲುವುದು ಉಂಟು. ತೊಡೆಯ ತೆಳು ಚರ್ಮ ಕಸಿ ಮಾಡಿದರೆ ಕೈ ಮತ್ತೆ ರೊಟ್ಟಿ ಬಡಿಯಬಲ್ಲದು. ಮೈಯ ಬಹುಭಾಗ ಸುಟ್ಟವರಿಗೆ ದಾನದ ಚರ್ಮವೇ ತಾತ್ಕಾಲಿಕ ಹೊದಿಕೆ; ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚರ್ಮನಿಧಿಯಿದೆ.

ಸೌಂದರ್ಯದ ಕವಲಿಗೂ ಅಪಾಯ ತಪ್ಪಿದ್ದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು.

ರಾಶಿ ಮಷಿನ್ನಿಗೆ ಸಿಕ್ಕು ಬೆರಳು ತುಂಡಾದರೆ ಅರಿಸಿನ ಮೆತ್ತಬೇಡಿ. ತುಂಡನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ತಡಮಾಡದೆ ಹುಬ್ಬಳ್ಳಿಗೆ ಹೊರಡಿ.