ಕರ್ನಾಟಕದ ಫುಟ್‌ಬಾಲ್ ದಿಗ್ಗಜರು: ಶ್ರೇಯಾಂಕವೂ ಬೆಳಗಾವಿಯ ಪ್ರಶ್ನೆಯೂ

ಹಾಲೆಂಡಿನ ಶ್ರೇಷ್ಠ ಫುಟ್‌ಬಾಲ್ ಆಟಗಾರ ಯಾರು ಎಂದು ಬೆಳಗಾವಿಯ ಕ್ಯಾಂಪ್‌ನಲ್ಲೋ ಟಿಳಕವಾಡಿಯಲ್ಲೋ ಚೆಂಡಾಡುವ ಹುಡುಗರನ್ನು ಕೇಳಿದರೆ ಚರ್ಚೆ ಕೂಡಲೇ ಕಾವೇರುತ್ತದೆ. ಒಬ್ಬ ಯೋಹಾನ್ ಕ್ರೈಫ್ ಎನ್ನುತ್ತಾನೆ, ಇನ್ನೊಬ್ಬ ಮಾರ್ಕೊ ವಾನ್ ಬಾಸ್ಟನ್ ಪರ ವಾದಿಸುತ್ತಾನೆ, ಮತ್ತೊಬ್ಬ ರೂಡ್ ಗುಲ್ಲಿಟ್ ಹೆಸರು ಎತ್ತುತ್ತಾನೆ. ಅದೇ ಹುಡುಗರಿಗೆ ಕರ್ನಾಟಕದ ಶ್ರೇಷ್ಠ ಆಟಗಾರ ಯಾರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ತಪ್ಪು ಅವರದಲ್ಲ. ನಮ್ಮ ಆಟಗಾರರ ಕಥೆಯನ್ನು ನಾವು ಅವರಿಗೆ ಹೇಳಿಕೊಡಲಿಲ್ಲ. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಹೊಡೆದವನು ಬೆಂಗಳೂರಿನವನು ಎಂಬುದು ನಮ್ಮ ಶಾಲಾ ಪಠ್ಯಗಳಲ್ಲಿ ಇರಬೇಕಾದ ಸಂಗತಿ.

ಈ ಲೇಖನ ಆ ಕಥೆಯನ್ನು ಕಾಲಾನುಕ್ರಮದಲ್ಲಿ ಹೇಳಿ, ಕೊನೆಗೆ ಆಧುನಿಕ ಕಾಲದ ಆಟಗಾರರ ಒಂದು ಶ್ರೇಯಾಂಕವನ್ನು ಮುಂದಿಡುತ್ತದೆ. ಇಂದಿನ ಕರ್ನಾಟಕ ತಂಡದ ಹಿಂದಿನ ರೂಪವಾದ ಮೈಸೂರು ತಂಡ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದ 1946-47ರಿಂದ ಈಚಿನದನ್ನು ಇಲ್ಲಿ ಆಧುನಿಕ ಕಾಲ ಎಂದು ಹಿಡಿದಿದ್ದೇನೆ. ಅಳತೆಗೋಲು ಮೂರು. ದೇಶದ ಪರವಾಗಿ ಯಾವ ಮಟ್ಟದ ಕೂಟದಲ್ಲಿ ಆಡಿದರು? ದೊಡ್ಡ ಕ್ಲಬ್‌ನಲ್ಲಿ ಎಷ್ಟು ಕಾಲ ನಿಂತರು? ಅವರ ತಂಡದ ಸಾಧನೆಯಲ್ಲಿ ಅವರ ಪಾಲೆಷ್ಟು?

ಬರಿಗಾಲಿನ ಪೀಳಿಗೆ

ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸೈನಿಕರ ಆಟ ನೋಡಿ ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲೇ ಕಲಿತರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದು, ಮರುವರ್ಷ ಅದನ್ನು ಉಳಿಸಿಕೊಂಡಿತು. ಅದುವರೆಗೆ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿದ್ದ ಕಪ್ ಅದು.

ಆ ಮಣ್ಣಿನಲ್ಲಿ ಬೆಳೆದವರು 1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಗೋಲ್‌ಕೀಪರ್ ಕೆ.ವಿ. ವರದರಾಜ್, ಬಷೀರ್, ವಜ್ರವೇಲು, ಧನರಾಜ್, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್. ಜುಲೈ 31ರಂದು ಫ್ರಾನ್ಸ್ ವಿರುದ್ಧ ಬಹುಪಾಲು ಆಟಗಾರರು ಬೂಟಿಲ್ಲದೆ ಆಡಿದರು. ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ರಾಮನ್ ಹೊಡೆದ ಗೋಲಿನಿಂದ ಪಂದ್ಯ ಸಮವಾಗಿದ್ದಾಗ ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಸೋಲಾದರೂ ಯುರೋಪಿನ ತಂಡವೊಂದಕ್ಕೆ ಸರಿಸಾಟಿಯಾಗಿ ನಿಂತ ಆಟ ಅದು.

ಇವರೆಲ್ಲರ ನಡುವೆ ಎದ್ದು ಕಾಣುವವರು 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್. ಕಾಲಿಗೆ ಚೆಂಡು ಅಂಟಿಕೊಂಡಂತೆ ಎದುರಾಳಿಗಳ ನಡುವೆ ನುಸುಳುವ ಡ್ರಿಬ್ಲಿಂಗ್ ಅವರದು. 1949ರಿಂದ ಸುಮಾರು ಹತ್ತು ವರ್ಷ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್, ಈ ಐವರ ಮುಂಚೂಣಿಗೆ ಬಂಗಾಳದ ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಹೆಸರಿಟ್ಟರು. 1949, 1950, 1951ರಲ್ಲಿ ಸತತವಾಗಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಅಹ್ಮದ್ ಖಾನ್ ತಂಡದಲ್ಲಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10-1ರಿಂದ ಭಾರತವನ್ನು ಮಣಿಸಿದಾಗ ಆ ಒಂದು ಗೋಲು ಅವರದೇ. ಹೀಗೆ ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ಸ್ ಗೋಲುಗಳನ್ನೂ ಬೆಂಗಳೂರಿನವರೇ ಹೊಡೆದರು. ಹೆಲ್ಸಿಂಕಿಯ ಚಳಿಯಲ್ಲಿ ಕಲಿತ ಪಾಠದ ನಂತರ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

ಚಿನ್ನದ ದಿನಗಳು

ಮೈಸೂರು ತಂಡ 1952-53ರಲ್ಲಿ ಎರಡನೆಯ ಸಲ ಸಂತೋಷ್ ಟ್ರೋಫಿ ಗೆದ್ದಿತು. ಕೋಚ್ ಸೈಯದ್ ಅಬ್ದುಲ್ ರಹೀಂ ಕೈಯಲ್ಲಿ ಭಾರತ ತಂಡವೂ ತನ್ನ ಅತ್ಯುತ್ತಮ ದಿನಗಳನ್ನು ಕಂಡಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿ, ನಾಲ್ಕನೆಯ ಸ್ಥಾನ ಪಡೆಯಿತು. ಇವತ್ತಿಗೂ ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಅತಿ ದೊಡ್ಡ ಸಾಧನೆ ಅದೇ. ಆ ತಂಡದ ಹಾಫ್‌ಬ್ಯಾಕ್‌ಗಳಲ್ಲಿ ಒಬ್ಬರು ನಮ್ಮ ಎಂ. ಕೆಂಪಯ್ಯ.

ಕೆಂಪಯ್ಯ 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಭಾರತ ಹಂಗರಿಗೆ 1-2ರಿಂದ ಸೋತಿತು, ಫ್ರಾನ್ಸ್ ಜೊತೆ 1-1ರ ಸಮ ಮಾಡಿಕೊಂಡಿತು. ಎದುರಾಳಿಯ ದಾಳಿ ಮುರಿದು ಚೆಂಡನ್ನು ಮುಂದಿನವರಿಗೆ ಒಪ್ಪಿಸುವ ಹಾಫ್‌ಬ್ಯಾಕ್ ಕೆಲಸಕ್ಕೆ ಪತ್ರಿಕೆಯ ತಲೆಬರಹ ಸಿಗುವುದು ಅಪರೂಪ. ಶ್ರೇಯಾಂಕ ಮಾಡುವವರು ಗೋಲು ಹೊಡೆದವರನ್ನಷ್ಟೇ ನೋಡಿದರೆ ಇಂಥವರು ಕೆಳಗೆ ಜಾರಿಬಿಡುತ್ತಾರೆ. ಅದು ಅನ್ಯಾಯ.

ಮುಂದಿನ ಹೆಸರು ಅರುಮೈನಾಯಗಂ. ಮೋಹನ್ ಬಾಗಾನ್‌ನ ಈ ವಿಂಗರ್, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿದ್ದರು. 1964ರ ಏಷ್ಯನ್ ಕಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆದಾಗಲೂ ಇದ್ದರು. 1967-68 ಮತ್ತು 1968-69ರಲ್ಲಿ ಮೈಸೂರು ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಎತ್ತಿತು. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ.

ಕಾರ್ಖಾನೆಗಳ ಕಾಲ

1970ರ ದಶಕದ ಹೊತ್ತಿಗೆ ಬೆಂಗಳೂರಿನ ಫುಟ್‌ಬಾಲ್‌ಗೆ ಅನ್ನ ಹಾಕಿದ್ದು ಸಾರ್ವಜನಿಕ ವಲಯದ ಕಾರ್ಖಾನೆಗಳು. ಐಟಿಐ, ಎಚ್‌ಎಎಲ್‌ನಂಥ ಸಂಸ್ಥೆಗಳು ಆಟಗಾರನಿಗೆ ನೌಕರಿ ಕೊಟ್ಟು, ಬೆಳಿಗ್ಗೆ ಸಂಜೆ ಅಭ್ಯಾಸಕ್ಕೆ ಬಿಟ್ಟವು. ಅದರ ಫಲ 1977ರಲ್ಲಿ ಕಂಡಿತು. ದೇಶದಲ್ಲಿ ಮೊದಲ ಬಾರಿಗೆ ನಡೆದ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಾಗಾನ್ ಅನ್ನು ಸೋಲಿಸಿತು. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು ದೇಶದ ಅತ್ಯಂತ ಬಲಿಷ್ಠ ಕ್ಲಬ್ಬಿಗೆ ಸೋಲುಣಿಸಿದ ದಿನವದು.

ಇದೇ ಕಾಲದಲ್ಲಿ ಗೌತಮಪುರದ ಪಿ. ಉಲಗನಾಥನ್ ಮೋಹನ್ ಬಾಗಾನ್‌ನ ವಿಂಗರ್ ಆಗಿ ಹೆಸರು ಮಾಡಿದರು, ಭಾರತಕ್ಕೂ ಆಡಿದರು. 1963ರಲ್ಲಿ ಹುಟ್ಟಿದ ಬಾಬು ಮಣಿ 80ರ ದಶಕದ ದೊಡ್ಡ ಹೆಸರು. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಕೋಲ್ಕತ್ತದ ಈ ಮೂರೂ ದೊಡ್ಡ ಕ್ಲಬ್ಬುಗಳಿಗೆ ಆಡಿದವರು ಅವರು. 1984ರಲ್ಲಿ ಏಷ್ಯನ್ ಕಪ್‌ಗೆ ಹೋದ, 1985 ಮತ್ತು 1987ರ ಸ್ಯಾಫ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು. 2022ರಲ್ಲಿ ತೀರಿಕೊಂಡರು.

ಮಹಿಳಾ ಫುಟ್‌ಬಾಲ್‌ಗೆ ನೌಕರಿಯೂ ಇರಲಿಲ್ಲ, ಲೀಗೂ ಇರಲಿಲ್ಲ. ಆ ದಿನಗಳಲ್ಲೇ ಬೆಂಗಳೂರಿನ ಚಿತ್ರಾ ಗಂಗಾಧರನ್ ದೇಶದ ಪರ ಆಡಿದರು. ಪುರುಷರಿಗೆ ಸಿಕ್ಕ ಯಾವ ಅನುಕೂಲವೂ ಸಿಗದವರನ್ನು ಅದೇ ಪಟ್ಟಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಅವರಿಗೆ ಪ್ರತ್ಯೇಕ ಗೌರವ ಸಲ್ಲಬೇಕು.

ಚಾಪ್‌ಮನ್ ಮತ್ತು ವೃತ್ತಿಪರ ಯುಗ

1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಲ್ಟನ್ ಚಾಪ್‌ಮನ್ ಟಾಟಾ ಫುಟ್‌ಬಾಲ್ ಅಕಾಡೆಮಿಯ ಕೂಸು. 1993ರಲ್ಲಿ ಈಸ್ಟ್ ಬೆಂಗಾಲ್ ಏಷ್ಯಾದ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಬಗ್ಗುಬಡಿದಾಗ ಚಾಪ್‌ಮನ್ ಹ್ಯಾಟ್ರಿಕ್ ಹೊಡೆದರು. ಮುಂದೆ ಜೆಸಿಟಿ ಸೇರಿ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 1997ರ ಸ್ಯಾಫ್ ಕಪ್ ಭಾರತಕ್ಕೆ ಬಂದಾಗ ನಾಯಕ ಅವರೇ. 2000-01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. 2020ರ ಅಕ್ಟೋಬರ್ 12ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಂತರ ಕ್ಸೇವಿಯರ್ ವಿಜಯ್ ಕುಮಾರ್, ಆರ್.ಸಿ. ಪ್ರಕಾಶ್, ಎನ್.ಎಸ್. ಮಂಜು ಭಾರತದ ಅಂಗಿ ತೊಟ್ಟರು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು.

ಶ್ರೇಯಾಂಕ

1. ಅಹ್ಮದ್ ಖಾನ್. ಎರಡು ಒಲಿಂಪಿಕ್ಸ್, ಏಷ್ಯನ್ ಚಿನ್ನ, ಒಂದೇ ದೊಡ್ಡ ಕ್ಲಬ್‌ನಲ್ಲಿ ಒಂದು ದಶಕ. ಮೂರೂ ಅಳತೆಗೋಲಿನಲ್ಲಿ ಮೊದಲಿಗರು.
2. ಎಂ. ಕೆಂಪಯ್ಯ. ಭಾರತದ ಅತ್ಯುತ್ತಮ ಒಲಿಂಪಿಕ್ ತಂಡದ ಬೆನ್ನೆಲುಬುಗಳಲ್ಲಿ ಒಬ್ಬರು.
3. ಕಾರ್ಲ್ಟನ್ ಚಾಪ್‌ಮನ್. ಭಾರತದ ಫುಟ್‌ಬಾಲ್ ಏಷ್ಯಾದಲ್ಲಿ ಹಿಂದೆ ಬಿದ್ದಿದ್ದ ಕಾಲದಲ್ಲಿ ಆಡಿದ್ದರಿಂದ ಮಾತ್ರ ಎರಡನೆಯ ಸ್ಥಾನ ತಪ್ಪಿತು. ನಾಯಕತ್ವದಲ್ಲಿ ಇವರಿಗೆ ಸಮನಾದವರು ಈ ಪಟ್ಟಿಯಲ್ಲಿಲ್ಲ.
4. ಅರುಮೈನಾಯಗಂ. ಏಷ್ಯನ್ ಚಿನ್ನ ಮತ್ತು ಏಷ್ಯನ್ ಕಪ್ ಬೆಳ್ಳಿ.
5. ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು.
6. ಬಾಬು ಮಣಿ.
7. ಕೆ.ಪಿ. ಧನರಾಜ್.
8. ಪಿ. ಉಲಗನಾಥನ್.

ಕ್ರಮ ಬದಲಿಸಬೇಕೆನ್ನುವವರು ಬದಲಿಸಲಿ. ಆದರೆ ಮೊದಲ ಸ್ಥಾನದ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ.

ಬೆಳಗಾವಿ ಎಲ್ಲಿ?

ಈ ಎಂಟೂ ಹೆಸರುಗಳು ಬೆಂಗಳೂರಿನ ಫುಟ್‌ಬಾಲ್ ಬೆಳೆಸಿದವು. ಬೆಳಗಾವಿಯದು ಒಂದೂ ಇಲ್ಲ. ಕಾರಣ ಪ್ರತಿಭೆಯ ಕೊರತೆ ಅಲ್ಲ. ಟೋಕಿಯೊ 1964ರಲ್ಲಿ ಒಲಿಂಪಿಕ್ ಹಾಕಿ ಚಿನ್ನ ಗೆದ್ದ ಬಂಡು ಪಾಟೀಲ ಬೆಳಗಾವಿಯವರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಕುಸ್ತಿಯಲ್ಲಿ ಕಂಚು ತಂದ ಮಲಪ್ರಭಾ ಜಾಧವ ಇದೇ ಜಿಲ್ಲೆಯವರು. ಬೆಂಗಳೂರಿನಂತೆ ಬೆಳಗಾವಿಗೂ ಬ್ರಿಟಿಷರ ದಂಡು ಇತ್ತು, ಸೇಂಟ್ ಪಾಲ್ಸ್‌ನಂಥ ಹಳೆಯ ಶಾಲೆ ಇದೆ, ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಫಾದರ್ ಎಡ್ಡಿ ಸ್ಮಾರಕ ಅಂತರಶಾಲಾ ಪಂದ್ಯಾವಳಿ ಇಲ್ಲಿನ ಮಕ್ಕಳಿಗೆ ಹಬ್ಬವಿದ್ದಂತೆ.

ವ್ಯತ್ಯಾಸ ಶುರುವಾದದ್ದು ಆಡಳಿತದ ನಕ್ಷೆಯಲ್ಲಿ. 1956ರ ನವೆಂಬರ್ 1ರವರೆಗೆ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಮೈಸೂರು ತಂಡದ ಮೊದಲ ಎರಡು ಸಂತೋಷ್ ಟ್ರೋಫಿ ಗೆಲುವುಗಳಿಗೂ ಬೆಳಗಾವಿಗೂ ಸಂಬಂಧವಿರಲಿಲ್ಲ. ಏಕೀಕರಣವಾದ ಮೇಲೆ ರಾಜ್ಯ ತಂಡದ ಬಾಗಿಲು ತೆರೆಯಿತು, ಆದರೆ ಲೀಗ್, ಕಾರ್ಖಾನೆ ತಂಡ, ಆಯ್ಕೆ ಎಲ್ಲವೂ 500 ಕಿ.ಮೀ. ದೂರದ ರಾಜಧಾನಿಯಲ್ಲೇ ಉಳಿದವು. ಬೆಂಗಳೂರಿನ ಹುಡುಗ ಸಂಜೆ ಅಭ್ಯಾಸ ಮುಗಿಸಿ ಮನೆಗೆ ಹೋಗಿ ಉಣ್ಣಬಹುದಿತ್ತು. ಬೆಳಗಾವಿಯ ಹುಡುಗ ಅದೇ ಅವಕಾಶಕ್ಕೆ ಊರು ಬಿಡಬೇಕಿತ್ತು.

ಪಕ್ಕದ ಗೋವಾ ನೋಡಿ. 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಆ ಪುಟ್ಟ ನಾಡು 1982-83ರಲ್ಲಿ ಬಂಗಾಳದೊಂದಿಗೆ ಸಂತೋಷ್ ಟ್ರೋಫಿ ಹಂಚಿಕೊಂಡು, ಮರುವರ್ಷ ಬ್ರಹ್ಮಾನಂದ ಶಂಖವಾಳ್ಕರ್ ನಾಯಕತ್ವದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಅದನ್ನು ಗೆದ್ದಿತು. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.6 ಲಕ್ಷ, ಬೆಳಗಾವಿ ಜಿಲ್ಲೆಯದು 47.8 ಲಕ್ಷ. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್‌ನಲ್ಲಿ ರೈಲು ಹತ್ತಿದರೆ ಘಟ್ಟ ಇಳಿದು ವಾಸ್ಕೊ ತಲುಪಬಹುದು. ಗೋವಾದಲ್ಲಿ ಊರೂರಿಗೆ ಮೈದಾನ, ಚರ್ಚ್ ಆವರಣದಲ್ಲಿ ಪಂದ್ಯ, ಗಣಿ ಉದ್ಯಮಿಗಳು ಕಟ್ಟಿದ ಡೆಂಪೊ, ಸಾಲಗಾಂವ್ಕರ್ ಕ್ಲಬ್ಬುಗಳು. ಆಟಗಾರನಿಗೆ ಊರಲ್ಲೇ ಲೀಗ್, ಊರಲ್ಲೇ ಸಂಬಳ ಇತ್ತು.

ಹಾಲೆಂಡಿನ ಪಾಠವೂ ಇದೇ. 41,500 ಚದರ ಕಿ.ಮೀ. ವಿಸ್ತೀರ್ಣದ ಆ ದೇಶ ನಮ್ಮ ರಾಜ್ಯದ ಕಾಲುಭಾಗಕ್ಕಿಂತಲೂ ಚಿಕ್ಕದು. ಆದರೂ 1974, 1978, 2010ರಲ್ಲಿ ವಿಶ್ವಕಪ್ ಫೈನಲ್ ಆಡಿತು, 1988ರಲ್ಲಿ ಯುರೋಪ್ ಚಾಂಪಿಯನ್ ಆಯಿತು. ಕ್ರೈಫ್ ಬೆಳೆದದ್ದು ಅಯಾಕ್ಸ್ ಮೈದಾನದ ಪಕ್ಕದ ಬೀದಿಯಲ್ಲಿ. ಹತ್ತು ವರ್ಷಕ್ಕೇ ಕ್ಲಬ್ಬಿನ ಕಿರಿಯರ ತಂಡ ಸೇರಿ, ಮೂರು ಬಾರಿ ಬ್ಯಾಲನ್ ಡಿ ಓರ್ ಗೆಲ್ಲುವ ಎತ್ತರಕ್ಕೆ ಏರಿದರು. ಮನೆ ಹತ್ತಿರದ ಕ್ಲಬ್ ಇಲ್ಲದಿದ್ದರೆ ಆ ಪ್ರತಿಭೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆದ್ದರಿಂದ ಬೆಳಗಾವಿಗೆ ಬೇಕಾದದ್ದು ವರ್ಷಕ್ಕೊಮ್ಮೆ ನಡೆದು ಮುಗಿಯುವ ಪಂದ್ಯಾವಳಿಯಷ್ಟೇ ಅಲ್ಲ, ಪ್ರತಿ ಭಾನುವಾರ ನಡೆಯುವ ಲೀಗ್. ಹನ್ನೆರಡು, ಹದಿನಾಲ್ಕು, ಹದಿನಾರು ವರ್ಷದೊಳಗಿನ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ವಿಭಾಗಗಳಿರಲಿ. ಖಾನಾಪುರ, ಲೋಂಡಾದ ಶಾಲೆಗಳನ್ನು ಸೇರಿಸಿಕೊಳ್ಳಲಿ. ರಾಜ್ಯ ತಂಡದ ಆಯ್ಕೆಗಾರರು ವರ್ಷಕ್ಕೆ ಒಮ್ಮೆಯಾದರೂ ಇಲ್ಲಿಗೇ ಬಂದು ಮಕ್ಕಳ ಆಟ ನೋಡಲಿ. ಗೋವಾದ ಕ್ಲಬ್ಬುಗಳನ್ನು ಕರೆಸಿ ಆಡಿಸುವುದೂ ಕಷ್ಟದ ಮಾತಲ್ಲ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿ ವಸತಿ ಅಕಾಡೆಮಿ ನಡೆಸಬಹುದಾದರೆ, ಘಟ್ಟದ ಈ ತಂಪು ಊರಿನಲ್ಲಿ ಅಂಥದ್ದು ನಡೆಯಬಾರದೇಕೆ?

ಇದಕ್ಕೆ ಸರ್ಕಾರದ ಆದೇಶಕ್ಕಿಂತ ಮೊದಲು ಬೇಕಾದದ್ದು ಊರಿನ ಮನಸ್ಸು. ಶಾಲೆಯ ಮುಖ್ಯೋಪಾಧ್ಯಾಯರು ಮೈದಾನ ಬಿಟ್ಟುಕೊಡಲಿ, ಉದ್ಯಮಿಗಳು ಒಂದೊಂದು ತಂಡದ ಖರ್ಚು ಹೊರಲಿ, ಹಳೆಯ ಆಟಗಾರರು ಸೀಟಿ ಹಿಡಿದು ಮೈದಾನಕ್ಕಿಳಿಯಲಿ. ತಂದೆತಾಯಂದಿರು ಮಗಳನ್ನೂ ಮಗನನ್ನೂ ಒಂದೇ ಉತ್ಸಾಹದಿಂದ ಕಳಿಸಲಿ. ಮುಂದಿನ ಪೀಳಿಗೆ ಇಂಥದೇ ಶ್ರೇಯಾಂಕ ಬರೆಯುವಾಗ ಅದರಲ್ಲಿ ಬೆಳಗಾವಿ, ಖಾನಾಪುರದ ಹೆಸರುಗಳು ಇರಬೇಕೆಂದರೆ ಲೀಗ್ ಈ ವರ್ಷವೇ ಶುರುವಾಗಬೇಕು.