ಲೈಂಗಿಕ ನೈತಿಕತೆ ಮತ್ತು ಎಚ್‌ಐವಿ ತಡೆ: ಕರ್ನಾಟಕದ ಇತಿಹಾಸ

ಲೈಂಗಿಕತೆಯ ಬಗ್ಗೆ ಸಮಾಜ ಇಟ್ಟುಕೊಂಡ ಸರಿ-ತಪ್ಪುಗಳ ಕಲ್ಪನೆ ಎಚ್‌ಐವಿ ತಡೆಯನ್ನು ಕುರಿತ ಜನರ ತಿಳಿವಳಿಕೆಯನ್ನೂ ಸರ್ಕಾರದ ಕ್ರಮಗಳನ್ನೂ ರೂಪಿಸಿದ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಎಚ್‌ಐವಿ ಮುಖ್ಯವಾಗಿ ನಾಲ್ಕು ದಾರಿಗಳಲ್ಲಿ ಹರಡುತ್ತದೆ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಮತ್ತು ಬಸಿರು, ಹೆರಿಗೆ, ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಆದರೆ ಜನರ ಮಾತಿನಲ್ಲಿ ಇದು ಬಹುಕಾಲ ‘ಕೆಟ್ಟವರಿಗೆ ಬರುವ ಕಾಯಿಲೆ’ಯಾಗಿಯೇ ಉಳಿಯಿತು. ಸೋಂಕು ಯಾವ ದಾರಿಯಲ್ಲಿ ಬರುತ್ತದೆ ಎಂಬ ಪ್ರಶ್ನೆಗಿಂತ ಯಾರಿಗೆ ಬರುತ್ತದೆ ಎಂಬ ಪ್ರಶ್ನೆ ಮುಂದಾದದ್ದರಿಂದ, ತಮ್ಮನ್ನು ಮರ್ಯಾದಸ್ಥರೆಂದುಕೊಂಡವರು ತಮಗೂ ಅಪಾಯವಿದೆ ಎಂಬುದನ್ನು ತಡವಾಗಿ ಅರಿತರು. ಅಪಾಯ ಹೆಚ್ಚಿದ್ದವರು ಆಸ್ಪತ್ರೆಯಿಂದ ದೂರ ಉಳಿದರು.

ಹಿನ್ನೆಲೆ

ಲೈಂಗಿಕ ರೋಗಗಳ ಹೊಣೆಯನ್ನು ಹೆಂಗಸರ ಮೇಲೆ ಹೊರಿಸುವ ರೂಢಿ ಏಡ್ಸ್‌ಗಿಂತ ಹಳೆಯದು. ಬ್ರಿಟಿಷ್ ಸೈನಿಕರನ್ನು ಪರಂಗಿ ಹುಣ್ಣಿನಿಂದ (ಸಿಫಿಲಿಸ್) ಕಾಪಾಡಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು, ಬಳ್ಳಾರಿಗಳಂಥ ದಂಡು ಪ್ರದೇಶಗಳಲ್ಲಿ ಸೋಂಕಿತ ಹೆಂಗಸರನ್ನು ಕೂಡಿಹಾಕಿ ಚಿಕಿತ್ಸೆ ಕೊಡುವ ‘ಲಾಕ್ ಆಸ್ಪತ್ರೆ’ಗಳು ನಡೆದವು. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ವೇಶ್ಯೆಯರೆಂದು ನೋಂದಾಯಿತರಾದ ಹೆಂಗಸರು ಬಲವಂತದ ತಪಾಸಣೆಗೆ ಒಳಗಾಗಬೇಕಿತ್ತು. ಅವರ ಬಳಿ ಹೋಗುತ್ತಿದ್ದ ಗಂಡಸರಿಗೆ ಕಾಯ್ದೆ ಅಂಥ ಕಟ್ಟುಪಾಡು ಹಾಕಲಿಲ್ಲ. ಕಾಯ್ದೆ 1888ರಲ್ಲಿ ರದ್ದಾಯಿತು. ಒಂದು ಗುಂಪಿನ ಹೆಂಗಸರನ್ನು ಕಾವಲಿನಲ್ಲಿಟ್ಟರೆ ಉಳಿದವರು ಸುರಕ್ಷಿತ ಎಂಬ ಎಣಿಕೆ ಮಾತ್ರ ಉಳಿದುಕೊಂಡಿತು.

ಇದಕ್ಕಿಂತ ಬೇರೆಯಾದ ಒಂದು ಪರಂಪರೆಯೂ ನಾಡಿನಲ್ಲಿತ್ತು. ಮೈಸೂರು ಸಂಸ್ಥಾನ 1930ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಇವು ಮೊದಲಿನವೆಂದು ಹೇಳಲಾಗುತ್ತದೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ತಮ್ಮ ‘ದಾಂಪತ್ಯ ದೀಪಿಕೆ’ಯ ಮೂಲಕ ಲೈಂಗಿಕ ಆರೋಗ್ಯದ ವಿಷಯವನ್ನು ಕನ್ನಡದ ಮನೆಗಳಿಗೆ ತಲುಪಿಸಿದರು. 1968ರಲ್ಲಿ ಕೇಂದ್ರ ಸರ್ಕಾರ ‘ನಿರೋಧ್’ ಅನ್ನು ಮಾರುಕಟ್ಟೆಗೆ ತಂದಾಗ ಕಾಂಡೋಮ್‌ಗೆ ಗಂಡ-ಹೆಂಡಿರ ಕುಟುಂಬ ಯೋಜನೆಯ ಸಾಧನವೆಂಬ ಗೌರವದ ಸ್ಥಾನವಿತ್ತು. ಏಡ್ಸ್ ಪ್ರಚಾರ ಶುರುವಾದ ಮೇಲೆ ಅದೇ ವಸ್ತು ‘ಹೊರಗಿನ’ ಸಂಬಂಧದ ಗುರುತಾಯಿತು. ಅಷ್ಟರಲ್ಲಿ ಸಂತಾನ ನಿಯಂತ್ರಣದ ಭಾರವೂ ಹೆಂಗಸರ ಮೇಲೆಯೇ ಬಿದ್ದಿತ್ತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಕಾಂಡೋಮ್ ಬಳಸುತ್ತಿದ್ದ ದಂಪತಿಗಳು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಆಪರೇಷನ್ ಆದ ಮನೆಯಲ್ಲಿ ಕಾಂಡೋಮ್ ಕೇಳುವುದಕ್ಕೆ ಅನುಮಾನದ ಹೊರತು ಬೇರೆ ಕಾರಣವೇ ಉಳಿದಿರಲಿಲ್ಲ.

ಮೊದಲ ವರ್ಷಗಳು

1981ರ ಜೂನ್‌ನಲ್ಲಿ ಅಮೆರಿಕದಲ್ಲಿ ಮೊದಲು ವರದಿಯಾದ ಈ ಕಾಯಿಲೆಗೆ ಕಾರಣವಾದ ವೈರಾಣುವನ್ನು 1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ಭಾರತದಲ್ಲಿ ಸೋಂಕು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಎಸ್. ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತದ ಮಾದರಿ ಸಂಗ್ರಹಿಸಿದ್ದರು. ಹುಡುಕಾಟ ನಡೆದದ್ದು ಅವರಲ್ಲಿ, ಆದ್ದರಿಂದ ಸೋಂಕು ಮೊದಲು ಸಿಕ್ಕಿದ್ದೂ ಅವರಲ್ಲೇ. ಸಾರ್ವಜನಿಕರು ಇದನ್ನು ಸೋಂಕು ಹುಟ್ಟಿದ್ದೇ ಅವರಿಂದ ಎಂದು ಓದಿಕೊಂಡರು.

ಏಡ್ಸ್ ಪರದೇಶಿಗಳ ಕಾಯಿಲೆ, ಭಾರತೀಯ ಸಂಸ್ಕೃತಿಯೇ ನಮಗೆ ಕವಚ ಎಂಬ ಮಾತು ಅಧಿಕಾರದ ಮೇಲ್ಮಟ್ಟದಲ್ಲೂ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾಗಿದ್ದ ಎ. ಎಸ್. ಪೈಂಟಲ್ 1988ರಲ್ಲಿ ವಿದೇಶಿಯರೊಂದಿಗಿನ ಲೈಂಗಿಕ ಸಂಬಂಧವನ್ನು ಕಾನೂನಿನಿಂದ ನಿಷೇಧಿಸಬೇಕೆಂದು ಸೂಚಿಸಿದ್ದರು. ಕರ್ನಾಟಕದ ನೆರೆಯ ಗೋವಾದಲ್ಲಿ 1989ರಲ್ಲಿ ರಕ್ತದಾನಿ ಡೊಮಿನಿಕ್ ಡಿಸೋಜಾ ಅವರನ್ನು ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಪೊಲೀಸರು ಕರೆದೊಯ್ದು ಪ್ರತ್ಯೇಕವಾಗಿ ಕೂಡಿಹಾಕಿದರು. ಅದೇ ವರ್ಷ ಸಂಸತ್ತಿಗೆ ಬಂದ ಏಡ್ಸ್ ತಡೆ ಮಸೂದೆಯೂ ಬಲವಂತದ ಪರೀಕ್ಷೆ, ಪ್ರತ್ಯೇಕವಾಸಗಳ ದಾರಿಯನ್ನೇ ಹಿಡಿದಿತ್ತು. ವಿರೋಧ ಬಂದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು.

ರಕ್ತದ ವಿಷಯದಲ್ಲಿ ಚರ್ಚೆ ಬೇರೆ ಬಗೆಯಾಗಿತ್ತು. ಸಂಗ್ರಹಿಸಿದ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು, ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಳಿಕ ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ನಿಷೇಧವಾಯಿತು. ಇಲ್ಲಿ ಯಾರ ಶೀಲವೂ ಚರ್ಚೆಗೆ ಬರಲಿಲ್ಲ, ಸರಿಪಡಿಸಬೇಕಾದದ್ದು ವ್ಯವಸ್ಥೆ ಎಂಬುದು ಎಲ್ಲರಿಗೂ ಸ್ಪಷ್ಟವಿತ್ತು. ಆದರೆ ರಕ್ತದಿಂದ ಸೋಂಕು ತಗುಲಿದವರು, ಹುಟ್ಟಿನಿಂದಲೇ ಸೋಂಕಿರುವ ಮಕ್ಕಳು ‘ಪಾಪದವರು’, ಉಳಿದವರು ಮಾಡಿದ್ದನ್ನು ಉಣ್ಣುವವರು ಎಂಬ ಭೇದ ಇದರ ಜೊತೆಗೇ ಬೇರೂರಿತು.

ಕರ್ನಾಟಕದ ಕಾರ್ಯಕ್ರಮ

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ 1992ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಸಂರಕ್ಷ ಮುಂತಾದ ಸ್ವಯಂಸೇವಾ ಸಂಸ್ಥೆಗಳು ತೊಂಬತ್ತರ ದಶಕದಲ್ಲೇ ಆಪ್ತ ಸಮಾಲೋಚನೆ ಶುರುಮಾಡಿದ್ದವು. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ, 2003ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಹಯೋಗದೊಂದಿಗೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾದವು. ಅದೇ ವರ್ಷ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಆರಂಭವಾಯಿತು. 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನವರಲ್ಲಿ ಶೇ 0.69 ಮಂದಿಗೆ ಸೋಂಕು ಕಂಡುಬಂತು.

ಆರಂಭದ ಪ್ರಚಾರ ಹೆದರಿಕೆಯನ್ನೇ ಹೆಚ್ಚಾಗಿ ನೆಚ್ಚಿತ್ತು. ಗೋಡೆಬರಹ, ಭಿತ್ತಿಚಿತ್ರಗಳಲ್ಲಿ ತಲೆಬುರುಡೆ, ಸಾವು, ‘ಮದ್ದಿಲ್ಲದ ರೋಗ’ ಎಂಬ ಎಚ್ಚರಿಕೆ ಇರುತ್ತಿದ್ದವು. ಜೊತೆಗೆ ಸಂಯಮ, ಒಬ್ಬ ಸಂಗಾತಿಗೆ ನಿಷ್ಠೆ, ಕಾಂಡೋಮ್ ಎಂಬ ಮೂರು ಮೆಟ್ಟಿಲ ಸಂದೇಶ. ಈ ಕ್ರಮವೇ ಒಂದು ಶ್ರೇಣಿಯಾಯಿತು: ಮೊದಲಿನವು ಒಳ್ಳೆಯವರಿಗೆ, ಕೊನೆಯದು ಉಳಿದವರಿಗೆ. ಕಾಂಡೋಮ್ ಕೊಳ್ಳುವವನು ತಾನು ಮೂರನೆಯ ಗುಂಪಿನವನೆಂದು ಅಂಗಡಿಯವನ ಮುಂದೆ ಒಪ್ಪಿಕೊಂಡಂತಾಗುತ್ತಿತ್ತು.

ಮದುವೆ ಎಂಬ ನಂಬಿಕೆ

ನಿಷ್ಠೆಯ ಸಂದೇಶದ ಮಿತಿಯನ್ನು ಪುಣೆಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಲೈಂಗಿಕ ರೋಗಗಳ ಚಿಕಿತ್ಸಾಲಯಕ್ಕೆ ಬಂದ, ಲೈಂಗಿಕ ವೃತ್ತಿಯವರಲ್ಲದ ಮಹಿಳೆಯರಲ್ಲಿ ಶೇ 13.6 ಮಂದಿಗೆ ಎಚ್‌ಐವಿ ಇತ್ತು. ಅವರಲ್ಲಿ ಹೆಚ್ಚಿನವರು ಗಂಡನೊಬ್ಬನನ್ನೇ ಬಲ್ಲ ಗೃಹಿಣಿಯರು. ಇವರ ಅಪಾಯ ಇದ್ದದ್ದು ಗಂಡನ ನಡೆಯಲ್ಲಿ, ಅದನ್ನು ಕೇಳುವ ಅಧಿಕಾರ ಅವರಿಗಿರಲಿಲ್ಲ. ಬಸುರಿಯರ ತಪಾಸಣೆ ವ್ಯಾಪಕವಾದ ಮೇಲೆ ದಂಪತಿಗಳಲ್ಲಿ ಹೆಂಡತಿಗೇ ಮೊದಲು ಪರೀಕ್ಷೆಯಾಗುವ ಸಂದರ್ಭಗಳು ಹೆಚ್ಚಿದವು. ಮೊದಲು ಫಲಿತಾಂಶ ತಿಳಿದವಳೇ ಮನೆಗೆ ಕಾಯಿಲೆ ತಂದವಳು ಎಂಬ ಆರೋಪ ಇದರಿಂದ ಸುಲಭವಾಯಿತು.

ಸುಪ್ರೀಂ ಕೋರ್ಟು 1998ರಲ್ಲಿ ಸೋಂಕಿತರ ಮದುವೆಯ ಹಕ್ಕು ಅಮಾನತಿನಲ್ಲಿರುತ್ತದೆ ಎಂಬರ್ಥದ ಮಾತು ಹೇಳಿ, 2002ರಲ್ಲಿ ಅದು ಆ ಪ್ರಕರಣಕ್ಕೆ ಅಗತ್ಯವಿರಲಿಲ್ಲವೆಂದು ಸ್ಪಷ್ಟಪಡಿಸಿತು. ಮದುವೆಗೆ ಮುಂಚೆ ಕಡ್ಡಾಯ ಪರೀಕ್ಷೆ ಬೇಕೆಂಬ ಬೇಡಿಕೆ ಹಲವು ರಾಜ್ಯಗಳಲ್ಲಿ ಆಗಾಗ ತಲೆಯೆತ್ತಿದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆ ಅದನ್ನು ಹಿಡಿಯದೆ ಹೋಗಬಹುದು, ಮದುವೆಯ ನಂತರದ ಸೋಂಕಿಗೆ ಮೊದಲೇ ಪಡೆದ ಪರೀಕ್ಷೆಯ ಪ್ರಮಾಣಪತ್ರ ಉತ್ತರವಲ್ಲ ಎಂಬುದು ಇದಕ್ಕಿರುವ ವೈದ್ಯಕೀಯ ಆಕ್ಷೇಪ.

ಲೈಂಗಿಕ ವೃತ್ತಿಯ ಮಹಿಳೆಯರು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಚ್‌ಐವಿಯ ಪ್ರಶ್ನೆ ದೇವದಾಸಿ ಪದ್ಧತಿಯೊಂದಿಗೆ ಬೆಸೆದುಕೊಂಡಿತ್ತು. 1982ರ ಕರ್ನಾಟಕ ಕಾಯ್ದೆ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿಸುವುದನ್ನು ಅಪರಾಧವೆಂದು ಘೋಷಿಸಿತು. ಆದರೆ ಬಡತನ, ಜಾತಿ, ವಲಸೆಗಳ ಕಾರಣಕ್ಕೆ ಲೈಂಗಿಕ ವೃತ್ತಿಗೆ ಬಂದ ಮಹಿಳೆಯರಿಗೆ ಬೇಕಾದ ಆರೋಗ್ಯ ಸೇವೆ ಕೇವಲ ನಿಷೇಧದಿಂದ ಸಿಗುವಂತಿರಲಿಲ್ಲ. ಗಡಿಯಾಚೆಯ ಸಾಂಗ್ಲಿಯಲ್ಲಿ ಕನ್ನಡ ಮಾತಾಡುವ ಅನೇಕ ಮಹಿಳೆಯರ ನಡುವೆ ಕೆಲಸ ಮಾಡುತ್ತಿದ್ದ ಸಂಗ್ರಾಮ್ ಸಂಸ್ಥೆ, ವೇಶ್ಯಾವೃತ್ತಿಯನ್ನು ವಿರೋಧಿಸುವ ಪ್ರತಿಜ್ಞೆಗೆ ಸಹಿ ಹಾಕಬೇಕೆಂಬ ಅಮೆರಿಕದ ಷರತ್ತನ್ನು ಒಪ್ಪದೆ 2005ರಲ್ಲಿ ಆ ದೇಶದ ನೆರವನ್ನು ಬಿಟ್ಟಿತು.

ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಯೋಜನೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮವರನ್ನು ಭೇಟಿಮಾಡಿ ಮಾಹಿತಿ ಕೊಡುವ, ಚಿಕಿತ್ಸಾಲಯಕ್ಕೆ ಕರೆತರುವ ಕೆಲಸ ವಹಿಸಿಕೊಂಡರು. ಅವರ ಸಂಘಟನೆಯೇ ಆಶೋದಯ ಸಮಿತಿ. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಪ್ರಮಾಣ ಶೇ 26 ಇದ್ದದ್ದು 24ರ ಆಸುಪಾಸಿನಲ್ಲೇ ನಿಂತಿತು. ಅಪರೂಪಕ್ಕೆ ಬರುವ ಗಿರಾಕಿಗಳೊಂದಿಗೆ ಕಳೆದ ಬಾರಿ ಕಾಂಡೋಮ್ ಬಳಸಿದವರು ಶೇ 65ರಿಂದ 90ಕ್ಕೆ ಏರಿದರು. ಗಂಡ ಅಥವಾ ಖಾಯಂ ಸಂಗಾತಿಯೊಂದಿಗೆ ಈ ಪ್ರಮಾಣ ಶೇ 7ರಿಂದ 30ಕ್ಕೆ ಮಾತ್ರ ಏರಿತು. ದುಡಿಮೆಯಲ್ಲಿ ಕಾಂಡೋಮ್ ಒತ್ತಾಯಿಸಬಲ್ಲ ಮಹಿಳೆಗೂ ಮನೆಯಲ್ಲಿ ಅದು ಕಷ್ಟವಾಗಿತ್ತು. ಈ ವಿಷಯದಲ್ಲಿ ಅವಳ ಮನೆಗೂ ‘ಮರ್ಯಾದಸ್ಥರ’ ಮನೆಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಪೊಲೀಸರು ಮತ್ತು ಗೂಂಡಾಗಳ ಹಿಂಸೆಯೂ ತಡೆಗೆ ಅಡ್ಡಿಯಾಗಿತ್ತು. ಕರ್ನಾಟಕದ ಲೈಂಗಿಕ ವೃತ್ತಿಯ ಮಹಿಳೆಯರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂಸೆಗೊಳಗಾದವರಲ್ಲಿ ಕಾಂಡೋಮ್ ಬಳಕೆಯೂ ಚಿಕಿತ್ಸಾಲಯದ ಭೇಟಿಯೂ ಕಡಿಮೆ. ಕೈಚೀಲದಲ್ಲಿರುವ ಕಾಂಡೋಮನ್ನೇ ಸಾಕ್ಷಿಯಾಗಿಸುವ ರೂಢಿಯ ಬಗ್ಗೆ ದೇಶದ ಅನೇಕ ಕಡೆ ದೂರುಗಳಿದ್ದವು. 2022ರ ಮೇ ತಿಂಗಳ ಆದೇಶದಲ್ಲಿ ಸುಪ್ರೀಂ ಕೋರ್ಟು, ಆರೋಗ್ಯ ರಕ್ಷಣೆಗೆ ಬಳಸುವ ಇಂಥ ವಸ್ತುಗಳನ್ನು ಅಪರಾಧದ ಪುರಾವೆಯೆಂದು ಎಣಿಸಬಾರದೆಂದು ಸೂಚಿಸಿತು.

ಲೈಂಗಿಕ ಅಲ್ಪಸಂಖ್ಯಾತರು

ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಂ ಜಾರಿಯಲ್ಲಿದ್ದಷ್ಟು ಕಾಲ ಗಂಡಸರೊಂದಿಗೆ ಸಂಬಂಧ ಹೊಂದಿದ ಗಂಡಸರು ವೈದ್ಯರ ಮುಂದೆ ನಿಜ ಹೇಳಲು ಅಂಜುತ್ತಿದ್ದರು. ದೆಹಲಿಯ ತಿಹಾರ್ ಜೈಲಿನಲ್ಲಿ ಕಾಂಡೋಮ್ ವಿತರಣೆಗೆ ಅಧಿಕಾರಿಗಳು ಒಪ್ಪದಿದ್ದಾಗ 1994ರಲ್ಲೇ ಈ ಕಲಂ ನ್ಯಾಯಾಲಯದ ಮೆಟ್ಟಿಲೇರಿತ್ತು. ಸ್ವಯಂಸೇವಾ ಸಂಸ್ಥೆಯಾದ ನಾಜ್ ಪ್ರತಿಷ್ಠಾನ 2001ರಲ್ಲಿ ಇದೇ ಕಲಂ ವಿರುದ್ಧ ಹೂಡಿದ ದಾವೆಗೂ ಎಚ್‌ಐವಿ ತಡೆಯ ಕೆಲಸಕ್ಕೆ ಒದಗಿದ ಅಡ್ಡಿಯೇ ಆಧಾರ. ಬೆಂಗಳೂರಿನ ಸಂಗಮ ಸಂಸ್ಥೆ ಈ ಸಮುದಾಯಗಳನ್ನು ಸಂಘಟಿಸಿತು. ಮಾನವ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಕರ್ನಾಟಕ 2001 ಮತ್ತು 2003ರ ವರದಿಗಳಲ್ಲಿ ಅವರ ಮೇಲಿನ ದೌರ್ಜನ್ಯವನ್ನು ದಾಖಲಿಸಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. ಎಲ್ಲಮ್ಮನ ಸೇವೆಗೆ ಮುಡಿಪಾಗಿ ಹೆಣ್ಣಿನ ಉಡುಗೆ ತೊಡುವ ಉತ್ತರ ಕರ್ನಾಟಕದ ಜೋಗಪ್ಪಗಳ ಸ್ಥಿತಿ ವಿಚಿತ್ರ: ಎಲ್ಲಮ್ಮನ ಕೊಡ ಹೊತ್ತಾಗ ಜನ ಕೈಮುಗಿಯುತ್ತಾರೆ, ಅವರ ಲೈಂಗಿಕ ಬದುಕಿನ ಆರೋಗ್ಯದ ಮಾತು ಬಂದಾಗ ಮುಖ ತಿರುಗಿಸುತ್ತಾರೆ.

ಶಾಲೆಯಲ್ಲಿ

ಎಚ್‌ಐವಿ ತಡೆಯನ್ನೂ ಒಳಗೊಂಡ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳಂತೆ ಕರ್ನಾಟಕ ಸರ್ಕಾರವೂ ತಡೆಹಿಡಿಯಿತು. ಪಠ್ಯದ ಚಿತ್ರಗಳು ಅಶ್ಲೀಲ, ವಿಷಯ ನಮ್ಮ ಸಂಸ್ಕೃತಿಗೆ ಒಗ್ಗದ್ದು, ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬುವು ವಿರೋಧದ ಮುಖ್ಯ ಅಂಶಗಳು. ರಾಜ್ಯಸಭೆಯ ಅರ್ಜಿಗಳ ಸಮಿತಿ 2009ರಲ್ಲಿ ಕೊಟ್ಟ ವರದಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಮುಂದೆ ಕಾಲೇಜುಗಳಲ್ಲಿ ಏಡ್ಸ್ ಜಾಗೃತಿ ಮೂಡಿಸುವ ರೆಡ್ ರಿಬ್ಬನ್ ಕ್ಲಬ್‌ಗಳು, ಹದಿಹರೆಯದವರಿಗಾಗಿ ಇರುವ ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ಗಳು ಈ ಕೊರತೆಯನ್ನು ಸ್ವಲ್ಪ ತುಂಬಿದವು. ತರಗತಿಯಲ್ಲಿ ಸಿಗದ ಮಾಹಿತಿಯನ್ನು ಹುಡುಗರು ಗೆಳೆಯರಿಂದಲೂ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ‘ಗುಪ್ತರೋಗ ತಜ್ಞ’ರ ಜಾಹೀರಾತಿನಿಂದಲೂ ಪಡೆಯುವುದು ಮುಂದುವರಿಯಿತು.

ಸಣ್ಣ ಪಟ್ಟಣಗಳು

ಹೆದ್ದಾರಿ ಮತ್ತು ರೈಲು ಕೂಡುವ ಸಣ್ಣ ಊರುಗಳಲ್ಲಿ ಈ ಸಮಸ್ಯೆಗೆ ಬೇರೆಯೇ ರೂಪವಿದೆ. ಚಿಕ್ಕಮಗಳೂರು ಜಿಲ್ಲೆಯ ಬೀರೂರು ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಶಿವಮೊಗ್ಗದ ಹಳಿ ಕವಲೊಡೆಯುವ ಜಂಕ್ಷನ್. ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಬೆಂಗಳೂರು-ಹೊನ್ನಾವರ ಹೆದ್ದಾರಿ ಸಾಗುತ್ತದೆ. ಅಡಿಕೆ, ತೆಂಗಿನ ವ್ಯಾಪಾರ ಇಲ್ಲಿನ ಓಡಾಟವನ್ನು ಹೆಚ್ಚಿಸಿದೆ. ರಾಷ್ಟ್ರೀಯ ಕಾರ್ಯಕ್ರಮ ಲಾರಿ ಚಾಲಕರನ್ನೂ ವಲಸೆ ಕೂಲಿಗಳನ್ನೂ, ಅಪಾಯ ಹೆಚ್ಚಿರುವವರಿಂದ ಉಳಿದವರಿಗೆ ಸೋಂಕು ದಾಟಿಸಬಲ್ಲ ‘ಸೇತು’ ಗುಂಪುಗಳೆಂದು ಕರೆಯಿತು. ಇದರಿಂದ ಸೇವೆ ಅವರಿಗೆ ತಲುಪಿತಾದರೂ, ಕಾಯಿಲೆ ಹೊರಗಿನಿಂದ ಹಾದುಹೋಗುವವರದು ಎಂಬ ಸ್ಥಳೀಯರ ಸಮಾಧಾನವೂ ಗಟ್ಟಿಯಾಯಿತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಕೋಣೆಯ ಮುಂದೆ ಕುಳಿತವರನ್ನು ಯಾರಾದರೂ ಗುರುತಿಸುತ್ತಾರೆ. ಪರಿಚಯದ ಕಣ್ಣು ತಪ್ಪಿಸಲು ದೂರದ ಊರಿನ ಕೇಂದ್ರಕ್ಕೆ ಹೋಗುವವರು ಬಸ್ ಖರ್ಚು ಮತ್ತು ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಳ್ಳುತ್ತಾರೆ, ಚಿಕಿತ್ಸೆಯಲ್ಲಿರುವವರಿಗೆ ಮಾತ್ರೆ ತಪ್ಪುವ ಅಪಾಯವೂ ಹೆಚ್ಚುತ್ತದೆ. ಕಾರ್ಯಕ್ರಮದ ಮೂರನೆಯ ಹಂತದಲ್ಲಿ (2007-12) ಜನರನ್ನು ಆರೋಗ್ಯ ಸೇವೆಗಳಿಗೆ ಜೋಡಿಸಲೆಂದು ಹಳ್ಳಿಗಳಿಗೆ ಬಂದ ಲಿಂಕ್ ವರ್ಕರ್‌ಗಳು ಈ ಅಂತರ ಕಡಿಮೆ ಮಾಡಲು ಯತ್ನಿಸಿದರು.

ಚಿಕಿತ್ಸೆ, ಕಾನೂನು ಮತ್ತು ಇಂದಿನ ಸ್ಥಿತಿ

ಸರ್ಕಾರ 2004ರ ಏಪ್ರಿಲ್‌ನಲ್ಲಿ ಉಚಿತ ಎಆರ್‌ಟಿ (ವೈರಾಣುವನ್ನು ಹತೋಟಿಯಲ್ಲಿಡುವ ಔಷಧಿಗಳ) ಚಿಕಿತ್ಸೆ ಆರಂಭಿಸಿತು. ಚಿಕಿತ್ಸೆ ಇಲ್ಲದಿದ್ದಾಗ ತಾಯಿಯಿಂದ ಮಗುವಿಗೆ ಶೇ 15ರಿಂದ 45ರವರೆಗೆ ಇದ್ದ ಸೋಂಕಿನ ಸಾಧ್ಯತೆ ಔಷಧಿಯಿಂದ ಶೇ 5ಕ್ಕಿಂತ ಕೆಳಗಿಳಿಯಿತು. ತಪ್ಪದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲಿ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು 2010ರ ದಶಕದ ಅಧ್ಯಯನಗಳಿಂದ ಖಚಿತವಾಯಿತು. ಸೋಂಕು ತಗುಲುವ ಮುನ್ನವೇ ತೆಗೆದುಕೊಳ್ಳುವ ತಡೆಮಾತ್ರೆಯ ಪ್ರಾಯೋಗಿಕ ಯೋಜನೆಯಲ್ಲಿ ಆಶೋದಯ ಸಮಿತಿಯೂ ಪಾಲ್ಗೊಂಡಿತು.

2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಉದ್ಯೋಗ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಸೋಂಕಿತರಿಗೆ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಪರೀಕ್ಷೆಗೆ ಒಪ್ಪಿಗೆಯನ್ನೂ ಫಲಿತಾಂಶದ ಗೋಪ್ಯತೆಯನ್ನೂ ಕಡ್ಡಾಯಗೊಳಿಸುತ್ತದೆ. ಬೇರೆ ಮಾಡಿ ಕೂಡಿಹಾಕುವ 1989ರ ಯೋಚನೆಯಿಂದ ಕಾನೂನು ಇಷ್ಟು ದೂರ ಬಂದಿದೆ.

2019ರ ರಾಷ್ಟ್ರೀಯ ಅಂದಾಜಿನಂತೆ ಕರ್ನಾಟಕದಲ್ಲಿ ಸುಮಾರು 2.69 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ಇದು ಆಗ ದೇಶದಲ್ಲೇ ದೊಡ್ಡ ಸಂಖ್ಯೆಯಾಗಿತ್ತು. ಹೊಸ ಸೋಂಕು ಮೊದಲಿಗಿಂತ ಬಹಳ ಇಳಿದಿದೆ, ತಿಳಿವಳಿಕೆ ಅದೇ ವೇಗದಲ್ಲಿ ಬೆಳೆದಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮಹಿಳೆಯರಲ್ಲಿ ಶೇ 21.6, ಪುರುಷರಲ್ಲಿ ಶೇ 30.7 ಮಂದಿಗೆ ಮಾತ್ರ ಎಚ್‌ಐವಿಯ ಬಗ್ಗೆ ಸಮಗ್ರ ತಿಳಿವಳಿಕೆ ಇತ್ತು. ಆರೋಗ್ಯವಂತನಂತೆ ಕಾಣುವ ವ್ಯಕ್ತಿಗೂ ಸೋಂಕಿರಬಹುದು ಎಂದು ಅರಿತಿರುವುದು ಈ ಅಳತೆಯ ಒಂದು ಅಂಶ. ಮುಖ ನೋಡಿ, ನಡತೆ ಅಳೆದು ಸೋಂಕನ್ನು ಗುರುತಿಸಬಹುದೆಂಬ ನಂಬಿಕೆ ಇರುವವರೆಗೆ ಪರೀಕ್ಷೆಯೂ ಕಾಂಡೋಮೂ ಮಾತ್ರೆಯೂ ‘ಬೇರೆಯವರ’ ಅಗತ್ಯವೆಂದೇ ಕಾಣುತ್ತವೆ.